ಶಾಲೆ ಕಟ್ಟಿದ ಹೋರಾಟಗಾರ ಕೀ ಹಜರ್ ದೇವಾಂತರ

ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟ ಎಂದರೆ ಎಲ್ಲರಿಗೂ ಸುಕಾರ್ನೊ ನೆನಪಾಗುತ್ತಾರೆ. ನಾನು ಆರಿಸಿಕೊಂಡಿರುವುದು ಒಬ್ಬ ಮೇಷ್ಟ್ರನ್ನು.

1889ರ ಮೇ 2ರಂದು ಜಾವಾ ದ್ವೀಪದ ಯೋಗ್ಯಕರ್ತದ ಒಂದು ರಾಜಮನೆತನದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಸುವರ್ದಿ ಸೂರ್ಯನಿಂಗ್ರಾತ್. ಆಗ ಆ ದ್ವೀಪಗಳನ್ನು ಡಚ್ಚರು ಆಳುತ್ತಿದ್ದರು. ಸುವರ್ದಿ ವೈದ್ಯಕೀಯ ಶಾಲೆಗೆ ಸೇರಿ, ಅದನ್ನು ಮುಗಿಸದೆ ಪತ್ರಕರ್ತರಾದರು. (ಅಪ್ಪ ಅಮ್ಮಂದಿರು ಗಮನಿಸಿ: ಮೆಡಿಕಲ್ ಬಿಟ್ಟ ಇವರ ಚಿತ್ರ ಮುಂದೆ 20,000 ರುಪಾಯದ ನೋಟಿನ ಮೇಲೆ ಬಂತು!) 1912ರಲ್ಲಿ ಇಬ್ಬರು ಗೆಳೆಯರ ಜೊತೆ ಸ್ವಾತಂತ್ರ್ಯ ಕೇಳುವ ಪಕ್ಷವೊಂದನ್ನು ಕಟ್ಟಿದರು.

ಮರುವರ್ಷ, ನೆಪೋಲಿಯನ್ನನ ಆಳ್ವಿಕೆಯಿಂದ ಹಾಲೆಂಡ್ ಬಿಡುಗಡೆಯಾಗಿ ನೂರು ವರ್ಷ ತುಂಬಿತು. ಡಚ್ಚರು ಅದನ್ನು ಜಾವಾದಲ್ಲೂ ಆಚರಿಸಲು ಹೊರಟರು. ಅದಕ್ಕೆ ಅಲ್ಲಿನ ಜನರಿಂದಲೂ ಹಣ ಎತ್ತುವುದಂತೆ! ಆಗ ಸುವರ್ದಿ, ತಾನು ಡಚ್ಚನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕಲ್ಪಿಸಿಕೊಂಡು ಒಂದು ಲೇಖನ ಬರೆದರು. ಸ್ವಾತಂತ್ರ್ಯ ಕಳೆದುಕೊಂಡವರ ನೆಲದಲ್ಲಿ ತನ್ನ ಸ್ವಾತಂತ್ರ್ಯದ ಹಬ್ಬ ಮಾಡಲು ನಾಚುತ್ತಿದ್ದೆ ಎಂಬುದು ಅದರ ತಿರುಳು. ಅದರಲ್ಲಿ ಕೂಗಾಟವಿಲ್ಲ, ಬೈಗುಳವಿಲ್ಲ. ಬರೆದದ್ದು ಡಚ್ ಭಾಷೆಯಲ್ಲೇ. ಆಳುವವರ ಭಾಷೆಯನ್ನು ಚೆನ್ನಾಗಿ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ. ಲೇಖನ ಮಲಯ ಭಾಷೆಗೂ ಬಂದಾಗ ಸರ್ಕಾರಕ್ಕೆ ದಿಗಿಲಾಯಿತು. 24 ವರ್ಷದ ಸುವರ್ದಿಗೆ ಗಡಿಪಾರು.

ಹೆಂಡತಿಯ ಜೊತೆ ಹಾಲೆಂಡಿಗೆ ಹೋದ ಅವರು ಅಲ್ಲಿ ಸುಮ್ಮನೆ ಕೂರಲಿಲ್ಲ. ಶಿಕ್ಷಕರ ಅರ್ಹತಾಪತ್ರ ಪಡೆದರು. ಮಾಂಟೆಸ್ಸೊರಿ, ರವೀಂದ್ರನಾಥ ಟಾಗೋರರ ವಿಚಾರಗಳನ್ನು ಓದಿದರು. ಇಂಡೋನೇಷ್ಯಾ ಎಂಬ ಹೆಸರೇ ಹೆಚ್ಚು ಜನರಿಗೆ ತಿಳಿಯದಿದ್ದಾಗ ಆ ಹೆಸರಿನಲ್ಲಿ ಸುದ್ದಿಸಂಸ್ಥೆ ನಡೆಸಿದರು. 1919ರಲ್ಲಿ ಊರಿಗೆ ಮರಳಿದರು.

1922ರ ಜುಲೈ 3ರಂದು ಯೋಗ್ಯಕರ್ತದಲ್ಲಿ ತಮಾನ್ ಸಿಸ್ವ ಶಾಲೆ ಶುರುವಾಯಿತು. ಹೆಸರಿನ ಅರ್ಥ ವಿದ್ಯಾರ್ಥಿಗಳ ತೋಟ. ಸರ್ಕಾರದ ಶಾಲೆಗಳು ಕಚೇರಿಗೆ ಗುಮಾಸ್ತರನ್ನು ತಯಾರು ಮಾಡುತ್ತಿದ್ದರೆ, ಇಲ್ಲಿ ಮಕ್ಕಳು ತಮ್ಮ ಸಂಗೀತ, ನೃತ್ಯ, ಚರಿತ್ರೆಯನ್ನೂ ಕಲಿತರು. ಶಿಕ್ಷಕರನ್ನು ಅಪ್ಪ, ಅಮ್ಮ ಎಂದೇ ಕರೆಯುತ್ತಿದ್ದರು. ನಾವು ನಮ್ಮ ಕನ್ನಡ ಟೀಚರುಗಳನ್ನು ಆಂಟಿ ಎನ್ನುವುದು ಅದಕ್ಕೆ ಸ್ವಲ್ಪ ಹತ್ತಿರ. ನಲವತ್ತು ತುಂಬಿದಾಗ ಸುವರ್ದಿ ರಾಜವಂಶದ ಬಿರುದನ್ನೂ ಹಳೆಯ ಹೆಸರನ್ನೂ ಬಿಟ್ಟು ಕೀ ಹಜರ್ ದೇವಾಂತರ ಆದರು.

ಶಾಲೆಗೆ ಸರ್ಕಾರದ ದುಡ್ಡು ಬೇಡವೆಂದರು. ಆದರೆ 1932ರಲ್ಲಿ ಹೊಸ ಕಾನೂನು ಬಂತು: ಇಂಥ ಖಾಸಗಿ ಶಾಲೆಗಳಲ್ಲಿ ಪಾಠ ಹೇಳಲು ಸರ್ಕಾರದ ಅನುಮತಿ ಬೇಕು. ಡಚ್ಚರು ಇವುಗಳನ್ನು ಕಾಡು ಶಾಲೆಗಳೆಂದು ಕರೆದರು. ದೇವಾಂತರ ಗವರ್ನರ್ ಜನರಲ್‌ಗೆ ನೇರವಾಗಿ ತಂತಿ ಕಳಿಸಿ ಪ್ರತಿಭಟಿಸಿದರು. ಒಬ್ಬರನ್ನೊಬ್ಬರು ಒಪ್ಪದ ಪಕ್ಷಗಳೂ ಸಂಘಗಳೂ ಅವರ ಬೆನ್ನಿಗೆ ನಿಂತವು. ಮರುವರ್ಷವೇ ಸರ್ಕಾರ ಹಿಂದೆ ಸರಿಯಿತು.

1945ರಲ್ಲಿ ಸ್ವತಂತ್ರ ಇಂಡೋನೇಷ್ಯಾದ ಮೊದಲ ಶಿಕ್ಷಣ ಸಚಿವರಾದದ್ದು ಅವರೇ. 1959ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಮೇ 2 ಅಲ್ಲಿ ರಾಷ್ಟ್ರೀಯ ಶಿಕ್ಷಣ ದಿನ.