ಮಗುವನ್ನು ನೋಡುತ್ತ ಕುಳಿತ ವೈದ್ಯೆ

ಸೋಲದೇವನಹಳ್ಳಿಯಲ್ಲೂ ಮೂರು ವರ್ಷದ ಮಗುವನ್ನು ‘ಮಾಂಟೆಸ್ಸರಿ’ಗೆ ಸೇರಿಸಬೇಕೆನ್ನುವ ತಂದೆತಾಯಂದಿರಿದ್ದಾರೆ. ಅದು ಒಬ್ಬ ಕಥೋಲಿಕ ಮಹಿಳೆಯ ಹೆಸರೆಂದು ಎಷ್ಟು ಮಂದಿ ಬಲ್ಲರೋ!

ಇಟಲಿಯಲ್ಲಿ 1870ರಲ್ಲಿ ಜನಿಸಿದ ಮರಿಯಾ ಮಾಂಟೆಸ್ಸರಿ 1896ರಲ್ಲಿ ರೋಮಿನಲ್ಲಿ ವೈದ್ಯೆಯಾದರು. 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನವೇ, ಅಲ್ಲಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ ತೆರೆದರು. ಅವರು ಪಾಠ ಹೇಳಿದ್ದಕ್ಕಿಂತ ಮಕ್ಕಳನ್ನು ನೋಡಿದ್ದೇ ಹೆಚ್ಚು. ಒಮ್ಮೆ ಮೂರು ವರ್ಷದ ಹೆಣ್ಣುಮಗುವೊಂದು ಮರದ ಬಿರಡೆಗಳನ್ನು ಅಳತೆಗೆ ತಕ್ಕ ತೂತುಗಳಲ್ಲಿ ಕೂರಿಸಿ, ತೆಗೆದು, ಮತ್ತೆ ಕೂರಿಸುತ್ತಿತ್ತು. ಪರೀಕ್ಷಿಸಲೆಂದು ಉಳಿದ ಮಕ್ಕಳಿಂದ ಹಾಡಿಸಿದರು. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಮಗು ಬಿರಡೆಗಳನ್ನು ಮಡಿಲಿಗೆ ಸೆಳೆದುಕೊಂಡು ಮುಂದುವರಿಸಿತು, ನಲವತ್ತಕ್ಕೂ ಹೆಚ್ಚು ಬಾರಿ! ಆಮೇಲೆ ಆಯಾಸವಿಲ್ಲದೆ, ನಿದ್ದೆಯಿಂದ ಎದ್ದಂತೆ ನಕ್ಕಿತು. ಕೈ ಪಳಗಿದಂತೆ ಬುದ್ಧಿಯೂ ಬೆಳೆಯುವುದೆಂದು ಅವರು ಕಂಡುಕೊಂಡರು. ಮೂಗು ಒರೆಸಿಕೊಳ್ಳುವ ಬಗೆಯನ್ನು ಬೈಯದೆ ತೋರಿಸಿದಾಗಲಂತೂ ಮಕ್ಕಳು ಚಪ್ಪಾಳೆ ತಟ್ಟಿದವು.

ಆದರೆ ಸ್ವಂತ ಮಗ ಮಾರಿಯೊ? ವಿವಾಹದ ಹೊರಗೆ 1898ರಲ್ಲಿ ಹುಟ್ಟಿದ ಅವನು ಹಳ್ಳಿಯಲ್ಲಿ ಪರರ ಮನೆಯಲ್ಲಿ ಬೆಳೆದ. ಅವನ ಬಾಲ್ಯವನ್ನು ದಿನದಿನವೂ ನೋಡುವ ಭಾಗ್ಯ ತಾಯಿಗಿರಲಿಲ್ಲ. ಹದಿಹರೆಯದಲ್ಲಿ ಮರಳಿ ಸೇರಿದ ಆ ಮಗನೊಂದಿಗೇ 1939ರಲ್ಲಿ ಮದರಾಸಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಲು, ಬ್ರಿಟಿಷರು ಮಾರಿಯೊನನ್ನು ಬಂಧಿಸಿ, ತಾಯಿಯ 70ನೆಯ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡಿದರು. 1952ರಲ್ಲಿ ಆಕೆ ನೆದರ್ಲೆಂಡಿನಲ್ಲಿ ಕಣ್ಮುಚ್ಚಿದಾಗ ಪಕ್ಕದಲ್ಲಿದ್ದುದು ಅವನೇ.