ಕನ್ನಡಿಯನ್ನು ಪ್ರತಿಷ್ಠೆ ಮಾಡಿದ ಗುರುಗಳು



ಹೋದ ಶನಿವಾರ ಭಜನೆ ಮುಗಿಸಿ ಪ್ರಸಾದ ಹಂಚುವಾಗ ನಮ್ಮ ಗುಂಪಿನ ಒಬ್ಬ ಚಿಕ್ಕ ಸ್ವಾಮಿ ನನ್ನ ಪಕ್ಕ ಬಂದು ಕುಳಿತರು. ಇದು ಅವರ ಮೂರನೇ ಮಾಲೆ. ಮೂರು ವರ್ಷದಿಂದ ಒಂದು ದಿನವೂ ತಪ್ಪಿಸದೆ ವ್ರತ ಹಿಡಿದಿದ್ದೇನೆ, ತಣ್ಣೀರು ಸ್ನಾನ, ಚಾಪೆಯ ಮೇಲೆ ನಿದ್ದೆ ಎಲ್ಲವೂ ಆಗಿದೆ, ಆದರೂ ಕೆಲಸ ಅದೇ, ಬಾಡಿಗೆ ಕೋಣೆ ಅದೇ, ಊರಿನ ಸಾಲವೂ ಅಷ್ಟೇ ಇದೆ, ನನ್ನ ಭಕ್ತಿಯಲ್ಲಿ ಏನು ಕಡಿಮೆಯಾಯಿತು ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಅಯ್ಯಪ್ಪ ಪರೀಕ್ಷೆ ಮಾಡುತ್ತಾನೆ ಸ್ವಾಮಿ ಎಂದು ಏನೋ ಹೇಳಿ ಕಳಿಸಿದೆ. ಆ ಮಾತು ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಮನೆಗೆ ಮರಳುವಾಗ ಲೋಕಲ್‌ನಲ್ಲಿ ನಿಂತಿದ್ದ ನನಗೆ ನಾರಾಯಣ ಗುರುಗಳು ನೆನಪಾದರು. ಅವರಿಗೆ ಅಂದು ಹೇಳಬೇಕಾಗಿದ್ದನ್ನು ಈಗ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮಂಗಳೂರು ಕಡೆಯ ಸ್ವಾಮಿಗಳಿಗೆ ಗುರುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುದ್ರೋಳಿಯಲ್ಲಿ ಅವರ ಮೂರ್ತಿಗೆ ಕೈಮುಗಿದೇ ನಾವು ದಸರಾ ನೋಡಲು ಹೋಗುತ್ತಿದ್ದದ್ದು. ಚಿಕ್ಕವನಿದ್ದಾಗ ನಾನು ಅವರನ್ನು ಯಾರೋ ಹಳೆಯ ಅಜ್ಜ ಎಂದುಕೊಂಡಿದ್ದೆ. ಮುಂಬೈಗೆ ಬಂದ ಮೇಲೆ ಸಾಂತಾಕ್ರೂಜ್‌ನ ಬಿಲ್ಲವರ ಭವನದಲ್ಲಿಯೂ ಅದೇ ಮುಖ ಕಂಡಿತು. ಆದರೆ ಪುಣೆ, ಹೈದರಾಬಾದ್, ದೆಹಲಿ ಕಡೆಯ ನಮ್ಮ ಹುಡುಗರಲ್ಲಿ ಅನೇಕರಿಗೆ ಹೆಸರು ಮಾತ್ರ ಗೊತ್ತು.

ಗುರುಗಳು ಹುಟ್ಟಿದ್ದು 1856ರಲ್ಲಿ, ತಿರುವನಂತಪುರದ ಹತ್ತಿರದ ಚೆಂಬಳಂದಿ ಎಂಬ ಹಳ್ಳಿಯಲ್ಲಿ. ತಂದೆ ಮಾಡನ್ ಆಶಾನ್ ಮಕ್ಕಳಿಗೆ ಅಕ್ಷರ ಕಲಿಸುವವರು, ತಾಯಿ ಕುಟ್ಟಿಯಮ್ಮ. ಮನೆಯಲ್ಲಿ ಮಗನನ್ನು ನಾಣು ಎಂದು ಕರೆಯುತ್ತಿದ್ದರು. ಈಳವ ಕುಟುಂಬ, ನಮ್ಮ ಕಡೆಯ ಬಿಲ್ಲವರ ಹಾಗೆ. ಮನೆಯಲ್ಲಿ ಸಂಸ್ಕೃತ ಇತ್ತು, ವೈದ್ಯ ಇತ್ತು, ಜ್ಯೋತಿಷ್ಯ ಇತ್ತು. ಇಷ್ಟಿದ್ದರೂ ದೊಡ್ಡ ದೇವಸ್ಥಾನದ ಒಳಗೆ ಕಾಲಿಡುವ ಹಾಗಿರಲಿಲ್ಲ, ಅದರ ಸುತ್ತಲಿನ ದಾರಿಯಲ್ಲಿ ನಡೆಯುವ ಹಾಗೂ ಇರಲಿಲ್ಲ. ಇಂದು ನಾವು ಟಿಕೆಟ್ ತೆಗೆದು ರೈಲು ಹತ್ತಿ, ಇರುಮುಡಿ ಹೊತ್ತು ಸೀದಾ ಹದಿನೆಂಟು ಮೆಟ್ಟಿಲಿನ ಮುಂದೆ ನಿಲ್ಲುತ್ತೇವಲ್ಲ, ಅದನ್ನು ಒಂದು ಕ್ಷಣ ನೆನೆಸಿಕೊಳ್ಳಿ. ತಿರುವಾಂಕೂರಿನಲ್ಲಿ ಎಲ್ಲ ಹಿಂದೂಗಳಿಗೂ ದೇವಸ್ಥಾನದ ಬಾಗಿಲು ತೆರೆದದ್ದು 1936ರ ನವೆಂಬರ್‌ನಲ್ಲಿ, ಗುರುಗಳು ತೀರಿಕೊಂಡು ಎಂಟು ವರ್ಷವಾದ ಮೇಲೆ.

ಓದಿನಲ್ಲಿ ನಾಣು ಬಹಳ ಚುರುಕು. ಕಾಯಂಕುಳಂ ಹತ್ತಿರದ ವಾರಣಪ್ಪಳ್ಳಿ ಎಂಬ ಮನೆಯಲ್ಲಿ ಉಳಿದುಕೊಂಡು ರಾಮನ್ ಪಿಳ್ಳೆ ಆಶಾನ್ ಎಂಬ ಪಂಡಿತರಲ್ಲಿ ಕಾವ್ಯ, ವ್ಯಾಕರಣ ಕಲಿತರು. ಊರಿಗೆ ಮರಳಿ ತಾವೂ ಮಕ್ಕಳಿಗೆ ಪಾಠ ಹೇಳಿದರು. ಮನೆಯವರು ಮದುವೆ ಮಾಡಿದರು, ಅದು ನಿಲ್ಲಲಿಲ್ಲ. ಸ್ವಲ್ಪ ಕಾಲದಲ್ಲೇ ಮನೆ ಬಿಟ್ಟು ಹೊರಟರು. ಚಟ್ಟಂಬಿ ಸ್ವಾಮಿಗಳ ಸ್ನೇಹವಾಯಿತು, ತೈಕ್ಕಾಡ್ ಅಯ್ಯಾವು ಅವರಿಂದ ಯೋಗ ಸಿಕ್ಕಿತು. ಆಮೇಲೆ ಕನ್ಯಾಕುಮಾರಿ ಹತ್ತಿರದ ಮರುತ್ವಾಮಲೆಯ ಗುಹೆಯಲ್ಲಿ ಒಬ್ಬರೇ ಕುಳಿತರು. ಎದುರಿಗೆ ಸಮುದ್ರ, ಸುತ್ತಲೂ ಕುರುಚಲು ಕಾಡು, ಸಿಕ್ಕಿದ್ದೇ ಊಟ.

ಆ ವರ್ಷಗಳ ಬಗ್ಗೆ ಗುರುಗಳು ಯಾರಿಗೂ ಹೆಚ್ಚು ಹೇಳಿಕೊಂಡವರಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ನಾವಾದರೆ ಮಾಲೆ ಹಾಕಿದ ಗಂಟೆಯೊಳಗೆ ಸ್ಟೇಟಸ್ ಹಾಕಿರುತ್ತೇವೆ.

ಗುಹೆಯಲ್ಲಿ ಅವರಿಗೆ ಏನು ಕಂಡಿತು ಎಂದು ಕೇಳಿದರೆ, ಅವರು ಕೆಳಗಿಳಿದು ಬಂದು ಮಾಡಿದ್ದನ್ನು ನೋಡಬೇಕು. ನೆಯ್ಯಾರ್ ಹೊಳೆಯ ದಡದಲ್ಲಿ ಅರುವಿಪ್ಪುರಂ ಎಂಬ ಜಾಗ ಇದೆ. ಗುರುಗಳು ಅಲ್ಲಿ ಇರತೊಡಗಿದಾಗ ಸುತ್ತಲಿನ ಬಡವರು ಬಂದು ಸೇರಿದರು. ಅವರಿಗೆ ಪೂಜೆಗೆ ಒಂದು ಜಾಗ ಬೇಕಾಗಿತ್ತು. 1888ರ ಶಿವರಾತ್ರಿಯ ರಾತ್ರಿ ಗುರುಗಳು ಹೊಳೆಯಲ್ಲಿ ಮುಳುಗಿ ಒಂದು ಕಲ್ಲನ್ನು ಎತ್ತಿ ತಂದರು. ಅದನ್ನು ಎದೆಗೆ ಹಿಡಿದು ಬಹಳ ಹೊತ್ತು ಧ್ಯಾನದಲ್ಲಿ ನಿಂತರು, ಕಣ್ಣೀರು ಹರಿಯುತ್ತಿತ್ತು ಎಂದು ಹೇಳುತ್ತಾರೆ. ನಸುಕಿನಲ್ಲಿ ಅದನ್ನೇ ಶಿವನೆಂದು ಬಂಡೆಯ ಮೇಲೆ ಪ್ರತಿಷ್ಠೆ ಮಾಡಿದರು. ಪ್ರತಿಷ್ಠೆ ಮಾಡುವ ಅಧಿಕಾರ ಬ್ರಾಹ್ಮಣರಿಗೆ ಮಾತ್ರ ಇದ್ದ ಕಾಲ ಅದು. ಪ್ರಶ್ನೆ ಬಂತು. ತಾನು ಪ್ರತಿಷ್ಠೆ ಮಾಡಿದ್ದು ಈಳವರ ಶಿವನನ್ನು ಎಂದು ಅವರು ತಣ್ಣಗೆ ಉತ್ತರ ಕೊಟ್ಟರು. ಕೇಳಿದವರು ಮರುಮಾತಾಡುವ ಹಾಗಿರಲಿಲ್ಲ. ಜಾತಿಯ ಭೇದ, ಮತದ ದ್ವೇಷ ಇಲ್ಲದೆ ಎಲ್ಲರೂ ಅಣ್ಣತಮ್ಮಂದಿರಂತೆ ಬಾಳುವ ಜಾಗ ಇದು ಎಂಬ ಅರ್ಥದ ಸಾಲುಗಳನ್ನು ಅಲ್ಲಿ ಬರೆಸಿದರು.

ಹೊಳೆಯಲ್ಲಿ ಕಲ್ಲುಗಳು ಎಷ್ಟೋ ಇದ್ದವು. ಜನ ದಿನವೂ ಅವುಗಳ ಮೇಲೆ ಕಾಲಿಟ್ಟು ಸ್ನಾನ ಮಾಡುತ್ತಿದ್ದರು.

ಇಲ್ಲಿ ನಮ್ಮ ಕರ್ನಾಟಕದ ಎಳೆಯೂ ಒಂದು ಸೇರುತ್ತದೆ. ಡಾಕ್ಟರ್ ಪಲ್ಪು ಎಂಬ ಈಳವ ವೈದ್ಯರು ಮದ್ರಾಸಿನಲ್ಲಿ ಕಲಿತು ಬಂದರೂ ತಿರುವಾಂಕೂರು ಸರ್ಕಾರ ಜಾತಿಯ ಕಾರಣಕ್ಕೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪಲ್ಪು ಅಲ್ಲಿ ರೋಗಿಗಳ ನಡುವೆ ದುಡಿದರು. ಅದಕ್ಕೂ ಮೊದಲು, 1896ರಲ್ಲಿ, ನಮ್ಮವರಿಗೂ ಶಾಲೆ ಮತ್ತು ನೌಕರಿ ಕೊಡಿ ಎಂದು 13,176 ಜನರ ಸಹಿ ಹಾಕಿಸಿ ಮಹಾರಾಜರಿಗೆ ಅರ್ಜಿ ಕೊಟ್ಟಿದ್ದರು. ಅದರಿಂದ ಕೆಲಸ ಆಗಲಿಲ್ಲ. ಆ ಸಿಟ್ಟು, ಆ ನೋವು ಹೊತ್ತುಕೊಂಡೇ ಅವರು ಗುರುಗಳ ಜೊತೆ ನಿಂತರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಹುಟ್ಟಿತು. ಅದರ ಮೊದಲ ಕಾರ್ಯದರ್ಶಿಯಾದ ಕವಿ ಕುಮಾರನ್ ಆಶಾನ್ ಕೂಡ ಪಲ್ಪು ಅವರ ಆಸರೆಯಲ್ಲಿ ಬೆಂಗಳೂರಿನಲ್ಲಿ ಸಂಸ್ಕೃತ ಕಲಿತವರು.

ಮಂಗಳೂರಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿನ ಬಿಲ್ಲವರಿಗೂ ದೇವಸ್ಥಾನದ ಬಾಗಿಲು ಮುಚ್ಚಿತ್ತು. ಸಾಹುಕಾರ್ ಕೊರಗಪ್ಪ ಮತ್ತು ಇತರರು ಹೋಗಿ ಗುರುಗಳನ್ನು ಕರೆದರು. 1908ರಲ್ಲಿ ಗುರುಗಳು ಬಂದರು, ಕುದ್ರೋಳಿಯ ಜಾಗ ನೋಡಿದರು, 1912ರ ಫೆಬ್ರವರಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಆಯಿತು. ಅದೇ ವರ್ಷ ವರ್ಕಲದ ಶಿವಗಿರಿಯಲ್ಲಿ ಶಾರದೆಯ ಪ್ರತಿಷ್ಠೆಯೂ ಆಯಿತು.

ಪ್ರತಿಷ್ಠೆಗಳ ಜೊತೆಯಲ್ಲೇ ಇನ್ನೊಂದು ಕೆಲಸ ನಡೆಯುತ್ತಿತ್ತು. ಪ್ರಾಣಿಬಲಿ ನಿಲ್ಲಿಸಿದರು. ಸಾಲ ಮಾಡಿ ಮಾಡುವ ಮದುವೆ, ಹಬ್ಬಗಳ ದುಂದು ಬೇಡವೆಂದರು. ದೇವಸ್ಥಾನದ ಪಕ್ಕ ಶಾಲೆ ಇರಲಿ, ಓದುವ ಕೋಣೆ ಇರಲಿ, ಹೂವಿನ ತೋಟ ಇರಲಿ ಎಂದರು. ತಮ್ಮದೇ ಸಮುದಾಯದ ಕುಲಕಸುಬಾದ ಶೇಂದಿಯನ್ನು ಬಿಡಿ ಎಂದರು. ಹೊಟ್ಟೆಪಾಡಿನ ಕಸುಬನ್ನೇ ಬಿಡಿ ಎಂದು ತನ್ನವರಿಗೆ ಹೇಳಲು ಎಂಥ ಧೈರ್ಯ ಬೇಕು! ಮಾಲೆ ತೆಗೆದ ರಾತ್ರಿಯೇ ಬಾರ್ ಹುಡುಕುವ ನಮ್ಮ ಕೆಲವು ಸ್ವಾಮಿಗಳು ಈ ಸಾಲನ್ನು ಎರಡು ಸಲ ಓದಿದರೆ ಸಂತೋಷ. ಹೆಸರು ಹೇಳುವುದಿಲ್ಲ.

ಈಗ ನನ್ನ ಮನಸ್ಸಿನಲ್ಲಿ ಉಳಿದಿರುವ ಭಾಗಕ್ಕೆ ಬರುತ್ತೇನೆ. ಗುರುಗಳಿಗೆ ವಯಸ್ಸಾಗುತ್ತ ಬಂದ ಹಾಗೆ ಅವರ ಪ್ರತಿಷ್ಠೆಗಳು ಬದಲಾದವು. ಮೊದಲು ಕಲ್ಲಿನ ಶಿವ. ತೃಶೂರಿನ ಕಾರಮುಕ್ಕಿನಲ್ಲಿ ಮೂರ್ತಿಯ ಜಾಗದಲ್ಲಿ ದೀಪ. ಮುರುಕ್ಕುಂಪುಳದಲ್ಲಿ ದೀಪವೂ ಇಲ್ಲ, ಸತ್ಯ, ಧರ್ಮ, ದಯೆ, ಶಾಂತಿ ಎಂಬ ಪದಗಳು. ಕೊನೆಗೆ 1927ರಲ್ಲಿ ಚೇರ್ತಲ ಹತ್ತಿರದ ಕಳವಂಕೋಡ್. ಅಲ್ಲಿ ಊರವರಲ್ಲಿ ಜಗಳವಿತ್ತು. ಹಿರಿಯರಿಗೆ ಮೂರ್ತಿ ಬೇಕು, ಹುಡುಗರಿಗೆ ಮೂರ್ತಿ ಬೇಡ. ಗುರುಗಳು ಎರಡೂ ಕಡೆಯವರ ಮಾತು ಕೇಳಿ ಒಂದು ಕನ್ನಡಿ ತರಿಸಿದರು. ಅದರ ಹಿಂಬದಿಯ ರಸವನ್ನು ಕೆರೆಸಿ ಓಂ ಶಾಂತಿ ಎಂಬ ಅಕ್ಷರ ಮೂಡಿಸಿ, ಅದನ್ನೇ ಗರ್ಭಗುಡಿಯಲ್ಲಿ ಇಟ್ಟರು.

ಇದನ್ನು ನಾನು ಮೊದಲು ಕೇಳಿದ್ದು ಶಬರಿಮಲೆಯಿಂದ ಮರಳುವ ರೈಲಿನಲ್ಲಿ. ಆಗ ನನಗೆ ಇಪ್ಪತ್ತಾರು. ಕೆಲಸ ಹೋಗಿ ಐದು ತಿಂಗಳಾಗಿತ್ತು, ಮನೆಯಲ್ಲಿ ಹೇಳಿರಲಿಲ್ಲ. ದಿನವೂ ಬೆಳಗ್ಗೆ ಡಬ್ಬಿ ಹಿಡಿದು ಹೊರಟು ಸ್ಟೇಷನ್ನಿನಲ್ಲಿ ಕುಳಿತು ಸಂಜೆ ಮರಳುತ್ತಿದ್ದೆ. ಅಯ್ಯಪ್ಪನ ಮುಂದೆ ಕೆಲಸ ಬೇಡಿಕೊಳ್ಳಬೇಕೆಂದೇ ಹೋಗಿದ್ದೆ. ಮೆಟ್ಟಿಲು ಹತ್ತಿ ತಲೆ ಎತ್ತಿದರೆ ಎದುರಿಗೆ ತತ್ತ್ವಮಸಿ ಎಂದು ಬರೆದಿತ್ತು. ನೂಕುನುಗ್ಗಲಿನಲ್ಲಿ ಬೇಡಿಕೊಳ್ಳಲೂ ಆಗಲಿಲ್ಲ. ಅದು ನನಗೆ ದೊಡ್ಡ ನಿರಾಸೆ. ರೈಲಿನಲ್ಲಿ ಗುರುಸ್ವಾಮಿಗಳ ಹತ್ತಿರ ಅದನ್ನು ಹೇಳಿಕೊಂಡೆ. ಅವರು ಸಮಾಧಾನ ಮಾಡಲಿಲ್ಲ. ಕಳವಂಕೋಡಿನ ಕನ್ನಡಿಯ ಕಥೆ ಹೇಳಿ, ಹೋಗಿ ಮುಖ ತೊಳೆದು ಬಾ ಎಂದರು ಅಷ್ಟೇ.

ಬೇಸಿನ್ನಿನ ಮೇಲಿನ ಕನ್ನಡಿ ಅರ್ಧ ಮಸುಕಾಗಿತ್ತು. ಅದರಲ್ಲಿ ಗಡ್ಡ ಬೆಳೆದ, ಕೊರಳಲ್ಲಿ ಮಾಲೆ ಇದ್ದ ಒಬ್ಬ ಸ್ವಾಮಿ ಕಂಡರು. 41 ದಿನ ಎಲ್ಲರೂ ನನ್ನನ್ನು ಸ್ವಾಮಿ ಎಂದು ಕರೆದಿದ್ದರು, ನಾನೂ ಎಲ್ಲರನ್ನೂ ಹಾಗೆಯೇ ಕರೆದಿದ್ದೆ. ಆದರೆ ಆ ಮಾತು ನನಗೂ ಸಲ್ಲುತ್ತದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಬಹಳ ಹೊತ್ತು ನಿಂತೆ. ಹಿಂದೆ ಕಾಯುತ್ತಿದ್ದವರು ಬೈದ ಮೇಲೆ ಸರಿದೆ. ಕೆಲಸ ಸಿಗಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಆದರೆ ಮನೆಗೆ ಬಂದ ರಾತ್ರಿಯೇ ಅಮ್ಮನಿಗೆ ನಿಜ ಹೇಳಿದೆ. ಮಾರನೆಯ ಬೆಳಗ್ಗೆ ಡಬ್ಬಿ ಹಿಡಿದು ಸುಳ್ಳು ಹೊರಡುವುದು ನಿಂತಿತು.

ಗುರುಗಳ ಕೊನೆಯ ವರ್ಷವೂ ಸುಖದ್ದಲ್ಲ. 1928ರಲ್ಲಿ ತಿಂಗಳುಗಟ್ಟಲೆ ಕಾಯಿಲೆ, ನೋವು. ಆ ವರ್ಷದ ಜನವರಿಯಲ್ಲಿ ಕೊಟ್ಟಾಯಂನ ನಾಗಂಪಡಂ ದೇವಸ್ಥಾನದಲ್ಲಿ ಇಬ್ಬರು ಭಕ್ತರು ಬಂದು, ಶಿವಗಿರಿಗೆ ಒಂದು ಯಾತ್ರೆ ಶುರು ಮಾಡಲು ಅನುಮತಿ ಕೇಳಿದರು. ಗುರುಗಳು ಒಪ್ಪಿದರು. ಹತ್ತು ದಿನದ ವ್ರತ ಸಾಕು ಎಂದರು. ದೇಹ, ಆಹಾರ, ಮನಸ್ಸು, ಮಾತು, ಕೆಲಸ ಈ ಐದೂ ಶುದ್ಧವಿರಲಿ ಎಂದರು. ಹಳದಿ ಬಟ್ಟೆ ಎಂದ ಕೂಡಲೇ ರೇಷ್ಮೆ ಕೊಳ್ಳಲು ಓಡಬೇಡಿ, ಇರುವ ಬಿಳಿ ಬಟ್ಟೆಯನ್ನೇ ಅರಿಶಿನದ ನೀರಿನಲ್ಲಿ ಅದ್ದಿಕೊಳ್ಳಿ, ಆಮೇಲೆ ಒಗೆದು ಉಡಬಹುದು ಎಂದೂ ಹೇಳಿದರು. ಯಾತ್ರೆಗೆ ಹೋದವರು ಅಲ್ಲಿ ಓದು, ಶುಚಿತ್ವ, ಬೇಸಾಯ, ವ್ಯಾಪಾರ, ಕೈಕಸುಬು ಇವುಗಳ ಬಗ್ಗೆ ಕೇಳಿ ಕಲಿತು ಮರಳಬೇಕು ಎಂಬುದು ಅವರ ಅಪ್ಪಣೆ. ದೇಹ ಕುಸಿಯುತ್ತಿದ್ದ ಮುದುಕರು ಬಡವನ ಬಟ್ಟೆಯ ಖರ್ಚನ್ನು ಲೆಕ್ಕ ಹಾಕುತ್ತಿದ್ದರು! 1928ರ ಸೆಪ್ಟೆಂಬರ್ 20ರಂದು ಶಿವಗಿರಿಯಲ್ಲಿ ಸಮಾಧಿಯಾದರು. ಯಾತ್ರೆ ನೋಡಲು ಅವರು ಇರಲಿಲ್ಲ. ಕೆಲವು ವರ್ಷಗಳ ನಂತರ ಇಲವುಂತಿಟ್ಟ ಎಂಬ ಊರಿನಿಂದ ಐದೇ ಜನ ಹಳದಿ ಬಟ್ಟೆ ಉಟ್ಟು ಮೊದಲ ಸಲ ಹೊರಟರು. ಆ ಊರು ನಮ್ಮ ಶಬರಿಮಲೆ ಇರುವ ಪತ್ತನಂತಿಟ್ಟ ಜಿಲ್ಲೆಯಲ್ಲೇ ಇದೆ. ಈಗ ಪ್ರತಿ ವರ್ಷದ ಕೊನೆಗೆ ಲಕ್ಷಾಂತರ ಜನ ಹೋಗುತ್ತಾರೆ.

ಈ ಸಲ ನಮ್ಮ ಗುಂಪು ಇಳಿಯುವುದು ಕೊಟ್ಟಾಯಂನಲ್ಲಿ. ನಾಗಂಪಡಂ ಸ್ಟೇಷನ್ನಿಗೆ ಹತ್ತಿರ. ಪಂಪೆಯ ಬಸ್ಸಿಗೆ ಮೊದಲು ಒಂದು ಗಂಟೆ ಸಮಯ ಇಟ್ಟಿದ್ದೇನೆ, ಇರುಮುಡಿ ಹೊತ್ತೇ ಹೋಗಿ ಕೈಮುಗಿದು ಬರೋಣ. ಮೂರನೇ ಮಾಲೆಯ ಸ್ವಾಮಿಗಳೇ, ನೀವು ರೈಲಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಬನ್ನಿ. ಸಾಲದ ಲೆಕ್ಕದ ಕಾಗದವನ್ನೂ ತನ್ನಿ, ಇಬ್ಬರೂ ಕುಳಿತು ನೋಡೋಣ.

ಸ್ವಾಮಿಯೇ ಶರಣಮಯ್ಯಪ್ಪ.