ಗ್ಲೆನ್ ಮಿಲ್ಲರ್: ನಾಯಕ ಹೋದ ಮೇಲೂ ನಿಲ್ಲದ ವಾದ್ಯವೃಂದ

ಜೀವನಚರಿತ್ರೆಯ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ತರಗತಿಯಲ್ಲಿ ಸದಾ ಮೊದಲಿಗರಾಗಿದ್ದವರನ್ನೇ ಆರಿಸಿಕೊಳ್ಳುತ್ತೇವೆ. ಈ ಸಲದ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ಪೂರಕ ಓದಿಗೆ ನಾನು ಆರಿಸಿಕೊಂಡದ್ದು ಕಾಲೇಜಿನಲ್ಲಿ ಅನುತ್ತೀರ್ಣನಾದ ಒಬ್ಬನ ಬದುಕನ್ನು. ಆತ ಅಮೆರಿಕದ ಗ್ಲೆನ್ ಮಿಲ್ಲರ್.

ಪೂರ್ವಜ್ಞಾನ ಪರೀಕ್ಷಿಸಲು ಮೈಸೂರು ದಸರೆಯ ಪೊಲೀಸ್ ಬ್ಯಾಂಡನ್ನು ನೆನಪಿಸಿದರೆ ಸಾಕು. ಅಲ್ಲಿ ಉದ್ದನೆಯ ಹಿತ್ತಾಳೆಯ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುತ್ತಾ ಊದುವ ವಾದ್ಯವಿದೆ. ಅದೇ ಟ್ರಾಂಬೋನ್. ಸ್ಯಾಕ್ಸೋಫೋನ್ ಅಂತೂ ಕದ್ರಿ ಗೋಪಾಲನಾಥರಿಂದಾಗಿ ನಮ್ಮ ನಾಡಿನ ಕಿವಿಗೆ ಪರಿಚಿತವೇ. ಈ ವಾದ್ಯಗಳ ಜೊತೆಗೆ ಟ್ರಂಪೆಟ್, ಕ್ಲಾರಿನೆಟ್, ಪಿಯಾನೊ, ಗಿಟಾರ್, ಡ್ರಮ್ ಸೇರಿ ಹದಿನೈದಕ್ಕೂ ಹೆಚ್ಚು ಮಂದಿ ಕುಣಿತಕ್ಕೆಂದು ನುಡಿಸುತ್ತಿದ್ದ ಸಂಗೀತವೇ ಬಿಗ್ ಬ್ಯಾಂಡ್ ಸ್ವಿಂಗ್. 1930ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಅಮೆರಿಕದ ಯುವಜನರ ಕಾಲುಗಳನ್ನು ಆಳಿದ್ದು ಇದೇ. ಇದರ ಬೇರು ಇರುವುದು ಕಪ್ಪು ಜನರ ಸಂಗೀತದಲ್ಲಿ. ಫ್ಲೆಚರ್ ಹೆಂಡರ್ಸನ್, ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಹಾಕಿಕೊಟ್ಟ ದಾರಿಯಲ್ಲಿಯೇ ಮಿಲ್ಲರ್‌ನಂತಹ ಬಿಳಿಯರ ತಂಡಗಳು ನಡೆದವು. ಮಿಲ್ಲರ್‌ನ ಕಥೆ ಹೇಳುವಾಗ ಈ ಮಾತನ್ನು ಬಿಡಬಾರದು.

ಮಿಲ್ಲರ್ ಹುಟ್ಟಿದ್ದು 1904ರ ಮಾರ್ಚ್ 1ರಂದು, ಅಯೊವಾ ರಾಜ್ಯದ ಕ್ಲಾರಿಂಡಾ ಎಂಬ ಸಣ್ಣ ಊರಿನಲ್ಲಿ. ಕುಟುಂಬ ಒಂದು ಕಡೆ ನೆಲೆನಿಲ್ಲಲಿಲ್ಲ. ನೆಬ್ರಾಸ್ಕಾಕ್ಕೆ ಹೋಗಿ, ಅಲ್ಲಿಂದ ಮಿಸ್ಸೂರಿಯ ಗ್ರಾಂಟ್ ಸಿಟಿಗೆ ಬಂತು. ಹುಡುಗ ಹಸುಗಳ ಹಾಲು ಕರೆದು ಕೂಡಿಟ್ಟ ಹಣದಲ್ಲಿ ತನ್ನ ಮೊದಲ ಟ್ರಾಂಬೋನ್ ಕೊಂಡ. ಊರಿನ ವಾದ್ಯವೃಂದದಲ್ಲಿ ನುಡಿಸತೊಡಗಿದ. ಮುಂದೆ ಕೊಲರಾಡೊದ ಫೋರ್ಟ್ ಮಾರ್ಗನ್‌ನಲ್ಲಿ ಪ್ರೌಢಶಾಲೆ ಓದಿದ. ಅಲ್ಲಿ ಫುಟ್‌ಬಾಲ್ ತಂಡದಲ್ಲಿಯೂ ಹೆಸರು ಮಾಡಿದ.

1923ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯ ಸೇರಿದ. ಆದರೆ ದಿನದ ಹೆಚ್ಚು ಹೊತ್ತು ಹೋಗುತ್ತಿದ್ದುದು ತಂಡಗಳ ಜೊತೆ ನುಡಿಸುವುದರಲ್ಲಿ. ಒಂದು ಅವಧಿಯಲ್ಲಿ ಐದು ವಿಷಯಗಳ ಪೈಕಿ ಮೂರರಲ್ಲಿ ಅನುತ್ತೀರ್ಣನಾದ. ಓದು ಅಲ್ಲಿಗೆ ನಿಂತಿತು. ಅಂಕಪಟ್ಟಿ ಮಾತ್ರ ನೋಡಿದವರಿಗೆ ಇವನು ಓದು ಒಲ್ಲದ ಸೋಮಾರಿ ಎಂದೇ ಅನಿಸಿರಬೇಕು.

ಎರಡನೆಯ ಪೆಟ್ಟು ಬಿದ್ದದ್ದು ವೃತ್ತಿಯಲ್ಲಿ. ಬೆನ್ ಪೊಲಾಕ್ ಎಂಬುವನ ತಂಡದಲ್ಲಿ ಟ್ರಾಂಬೋನ್ ನುಡಿಸುತ್ತಿದ್ದಾಗ, 1928ರಲ್ಲಿ ಜಾಕ್ ಟೀಗಾರ್ಡನ್ ಅದೇ ತಂಡಕ್ಕೆ ಬಂದ. ಅವನ ವಾದನದ ಮುಂದೆ ತನ್ನದು ಏನೂ ಅಲ್ಲವೆಂದು ಮಿಲ್ಲರ್‌ಗೆ ತಿಳಿಯಿತು. ಏಕವಾದನದ ಅವಕಾಶಗಳೂ ಕಡಿಮೆಯಾದವು. ಇಲ್ಲಿ ಬೇರೊಬ್ಬನಾದರೆ ವಾದ್ಯವನ್ನು ಕೆಳಗಿಡುತ್ತಿದ್ದ, ಇಲ್ಲವೇ ಅಸೂಯೆಯಲ್ಲಿ ಕುದಿಯುತ್ತಿದ್ದ. ಮಿಲ್ಲರ್ ತನ್ನ ಶಕ್ತಿ ಎಲ್ಲಿದೆ ಎಂದು ಹುಡುಕಿಕೊಂಡ. ಯಾವ ವಾದ್ಯ ಯಾವಾಗ ಏನು ನುಡಿಸಬೇಕೆಂದು ಸ್ವರಲಿಪಿಯಲ್ಲಿ ಬರೆದುಕೊಡುವ ಸಂಯೋಜನೆಯ ಕೆಲಸದಲ್ಲಿ ಅದು ಇತ್ತು. ಅದೇ ವರ್ಷ ಕಾಲೇಜು ದಿನಗಳ ಗೆಳತಿ ಹೆಲೆನ್‌ಳನ್ನು ಮದುವೆಯಾದ. ನ್ಯೂಯಾರ್ಕ್‌ನಲ್ಲಿ ಜೋಸೆಫ್ ಶಿಲಿಂಗರ್ ಎಂಬ ಗುರುವಿನ ಬಳಿ ಸಂಗೀತ ರಚನೆಯನ್ನು ಕ್ರಮವಾಗಿ ಕಲಿತ. ಕಾಲೇಜು ಬಿಟ್ಟವನು ಹೀಗೆ ಮತ್ತೆ ವಿದ್ಯಾರ್ಥಿಯಾದ. ಶಿಲಿಂಗರ್‌ಗಾಗಿ ಮಾಡಿದ ಅಭ್ಯಾಸವೇ ಮುಂದೆ ಆತನ ತಂಡದ ಗುರುತಿನ ರಚನೆ ಮೂನ್‌ಲೈಟ್ ಸೆರೆನೇಡ್ ಆಯಿತು.

1937ರಲ್ಲಿ ಸ್ವಂತ ತಂಡ ಕಟ್ಟಿದ. ಅದು ಇತರ ಹತ್ತಾರು ತಂಡಗಳಂತೆಯೇ ಕೇಳಿಸುತ್ತಿತ್ತು. ವರ್ಷ ತುಂಬುವುದರೊಳಗೆ ನಷ್ಟದಲ್ಲಿ ಮುಳುಗಿತು. 1938ರಲ್ಲಿ ಮತ್ತೆ ಕಟ್ಟುವಾಗ ಒಂದು ಬದಲಾವಣೆ ಮಾಡಿದ. ಮುಖ್ಯ ಧಾಟಿಯನ್ನು ಕ್ಲಾರಿನೆಟ್‌ಗೆ ಕೊಟ್ಟ. ಅದೇ ಧಾಟಿಯನ್ನು ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸೋಫೋನ್ ನುಡಿಸುತ್ತಿತ್ತು. ಉಳಿದ ಸ್ಯಾಕ್ಸೋಫೋನ್‌ಗಳು ಆ ಎರಡರ ನಡುವಿನ ಜಾಗವನ್ನು ತುಂಬುತ್ತಿದ್ದವು. ಎಲ್ಲರ ಬಳಿಯೂ ಇದ್ದದ್ದು ಅವೇ ವಾದ್ಯಗಳು. ಜೋಡಣೆ ಮಾತ್ರ ಹೊಸದು. ಆದರೆ ರೇಡಿಯೊ ಹಾಕಿದ ಕೂಡಲೇ ಇದು ಮಿಲ್ಲರ್‌ನ ತಂಡ ಎಂದು ಕೇಳುಗರು ಗುರುತಿಸುವಂತಾಯಿತು.

1939ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಬಳಿಯ ಗ್ಲೆನ್ ಐಲೆಂಡ್ ಕ್ಯಾಸಿನೊದಿಂದ ಪ್ರಸಾರವಾದ ಕಾರ್ಯಕ್ರಮಗಳು ಆತನ ಹೆಸರನ್ನು ದೇಶದ ಉದ್ದಗಲಕ್ಕೆ ಒಯ್ದವು. ಆ ಆಗಸ್ಟ್‌ನಲ್ಲಿ ಇನ್ ದ ಮೂಡ್ ಮುದ್ರಣವಾಯಿತು. ಜೋ ಗಾರ್ಲ್ಯಾಂಡ್ ಹೆಸರಿನ ಈ ರಚನೆಯನ್ನು ಬೇರೆ ತಂಡ ಮೊದಲೇ ನುಡಿಸಿತ್ತು. ಮಿಲ್ಲರ್ ಅದನ್ನು ಕತ್ತರಿಸಿ ಚಿಕ್ಕದು ಮಾಡಿದ. ಕೊನೆಯಲ್ಲಿ ಒಂದೇ ಧಾಟಿ ಮೆಲ್ಲಮೆಲ್ಲನೆ ತಗ್ಗುತ್ತಾ ಹೋಗಿ, ಇನ್ನೇನು ಮುಗಿಯಿತು ಎನ್ನುವಾಗ ಒಮ್ಮೆಲೇ ಅಬ್ಬರಿಸುವಂತೆ ಮಾಡಿದ. 1942ರ ಫೆಬ್ರವರಿ 10ರಂದು ಚಟ್ಟನೂಗಾ ಚೂ ಚೂ ಹಾಡಿನ 12 ಲಕ್ಷ ತಟ್ಟೆಗಳ ಮಾರಾಟಕ್ಕಾಗಿ ಆತನಿಗೆ ಚಿನ್ನದ ಬಣ್ಣದ ತಟ್ಟೆಯನ್ನು ಕೊಟ್ಟರು. ಸಂಗೀತೋದ್ಯಮದ ಮೊದಲ ಚಿನ್ನದ ತಟ್ಟೆ ಅದೇ.

ಮಿಲ್ಲರ್ ಬಲು ಶಿಸ್ತಿನವ. ಬರೆದದ್ದನ್ನು ಬರೆದಂತೆಯೇ ನುಡಿಸಬೇಕು. ಉಡುಪು, ನಿಲುವು ಎಲ್ಲವೂ ಸರಿಯಿರಬೇಕು. ಸಂಗೀತ ತೀರ ಅಚ್ಚುಕಟ್ಟಾಯಿತು, ಜಾಸ್‌ನ ಸ್ವಾತಂತ್ರ್ಯ ಇದರಲ್ಲಿಲ್ಲ ಎಂದು ವಿಮರ್ಶಕರು ದೂರಿದರು. ಆ ದೂರಿನಲ್ಲಿ ಹುರುಳಿಲ್ಲದಿಲ್ಲ.

ಅದೇ 1942ರಲ್ಲಿ, ಕೀರ್ತಿಯೂ ಹಣವೂ ತುಂಬಿ ಹರಿಯುತ್ತಿದ್ದಾಗ, ಆತ ತಂಡವನ್ನು ವಿಸರ್ಜಿಸಿದ. ವಯಸ್ಸು 38, ಸೈನ್ಯಕ್ಕೆ ಹೋಗಲೇಬೇಕೆಂಬ ಒತ್ತಾಯವಿರಲಿಲ್ಲ. ನೌಕಾಪಡೆ ಬೇಡವೆಂದಿತು. ಭೂಸೇನೆಗೆ ತಾನೇ ಬರೆದುಕೊಂಡು ಸೇರಿದ. ಸೈನಿಕರಿಗಾಗಿ ದೊಡ್ಡ ವಾದ್ಯವೃಂದ ಕಟ್ಟಿ 1944ರಲ್ಲಿ ಇಂಗ್ಲೆಂಡಿಗೆ ಹೋದ. ಲಂಡನ್ ಮೇಲೆ ಜರ್ಮನಿಯ ಹಾರುಬಾಂಬುಗಳು ಬೀಳುತ್ತಿದ್ದ ಕಾಲ. ತಂಡವನ್ನು ಬೆಡ್‌ಫರ್ಡ್‌ಗೆ ಸಾಗಿಸಿದ ಮರುದಿನವೇ, ಅವರು ತಂಗಿದ್ದ ಲಂಡನ್ ಬೀದಿಗೆ ಬಾಂಬು ಬಿದ್ದು ಹಲವಾರು ಅಮೆರಿಕನ್ ಸೈನಿಕರು ಸತ್ತರು. ವಿಮಾನನಿಲ್ದಾಣದ ಕೊಟ್ಟಿಗೆಗಳಲ್ಲಿ, ರೇಡಿಯೊದಲ್ಲಿ, ಮನೆಯಿಂದ ದೂರವಿದ್ದ ಹುಡುಗರಿಗಾಗಿ ಈ ತಂಡ ನೂರಾರು ಕಾರ್ಯಕ್ರಮ ಕೊಟ್ಟಿತು.

ಪ್ಯಾರಿಸ್‌ನಲ್ಲಿ ತಂಡದ ವಸತಿ, ಕಾರ್ಯಕ್ರಮಗಳ ಏರ್ಪಾಡು ಮಾಡಲು ಮಿಲ್ಲರ್ ಮುಂಚಿತವಾಗಿ ಹೊರಟ. 1944ರ ಡಿಸೆಂಬರ್ 15, ಮಂಜು ಮುಸುಕಿದ ಮಧ್ಯಾಹ್ನ. ಟ್ವಿನ್‌ವುಡ್ ಫಾರ್ಮ್ ನಿಲ್ದಾಣದಿಂದ ಹಾರಿದ ಆ ಒಂಟಿ ಎಂಜಿನ್ನಿನ ಸಣ್ಣ ವಿಮಾನ ಪ್ಯಾರಿಸ್ ತಲುಪಲೇ ಇಲ್ಲ. ವಿಮಾನವೂ ಸಿಗಲಿಲ್ಲ, ಅದರಲ್ಲಿದ್ದ ಮೂವರೂ ಸಿಗಲಿಲ್ಲ. ವದಂತಿಗಳು ಮಾತ್ರ ಬೇಕಾದಷ್ಟು ಹುಟ್ಟಿದವು. ಮಿಲ್ಲರ್‌ಗೆ ಆಗ 40 ವರ್ಷ. ಕೆಲವೇ ದಿನಗಳಲ್ಲಿ ತಂಡ ಪ್ಯಾರಿಸ್ ತಲುಪಿ, ನಾಯಕನಿಲ್ಲದೆಯೇ ನುಡಿಸಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1946ರಲ್ಲಿ ಆತನ ಹಳೆಯ ಸ್ಯಾಕ್ಸೋಫೋನ್ ವಾದಕ ಟೆಕ್ಸ್ ಬೆನೆಕೆಯ ನೇತೃತ್ವದಲ್ಲಿ ಮಿಲ್ಲರ್ ವಾದ್ಯವೃಂದ ಮತ್ತೆ ಹೊರಟಿತು. ಬೆನೆಕೆಗೆ ಹೊಸ ದಾರಿ ಹುಡುಕುವ ಆಸೆ. ಮಿಲ್ಲರ್‌ನ ಆಸ್ತಿ ನೋಡಿಕೊಳ್ಳುತ್ತಿದ್ದವರಿಗೆ ಹಳೆಯ ನಾದವೇ ಉಳಿಯಬೇಕೆಂಬ ಹಟ. 1950ರಲ್ಲಿ ಇಬ್ಬರ ದಾರಿ ಬೇರೆಯಾಯಿತು. 1954ರಲ್ಲಿ ಮಿಲ್ಲರ್ ಕುರಿತ ಚಲನಚಿತ್ರ ಜನಪ್ರಿಯವಾದ ಮೇಲೆ, 1956ರಲ್ಲಿ ಸೇನಾ ತಂಡದಲ್ಲಿ ಡ್ರಮ್ ನುಡಿಸಿದ್ದ ರೇ ಮೆಕಿನ್ಲಿಯನ್ನು ಕರೆದು ಗ್ಲೆನ್ ಮಿಲ್ಲರ್ ಆರ್ಕೆಸ್ಟ್ರಾವನ್ನು ಹೊಸದಾಗಿ ಕಟ್ಟಿದರು. ನಾಯಕರು ಬದಲಾದರು, ವಾದಕರು ಬದಲಾದರು. ಮಿಲ್ಲರ್‌ನನ್ನು ಕಣ್ಣಿನಿಂದ ಕಾಣದ ತಲೆಮಾರು ಅದೇ ಪುಟಗಳನ್ನು ಎದುರಿಗಿಟ್ಟುಕೊಂಡು ಊರೂರು ತಿರುಗಿ ನುಡಿಸುತ್ತಾ ಬಂದಿದೆ.

ಇದು ಸಾಧ್ಯವಾದದ್ದು ಯಾವುದರಿಂದ? ತನ್ನ ಉಸಿರಿನ ಬಲದಲ್ಲಿ ಮಾತ್ರ ಮೆರೆಯುವ ವಾದಕನಾಗಿದ್ದರೆ ಆತನ ಸಂಗೀತದಲ್ಲಿ ಉಳಿಯುತ್ತಿದ್ದುದು ತಟ್ಟೆಗಳಷ್ಟೇ. ಇನ್ನೊಬ್ಬರು ನುಡಿಸಲು ಬರುವಂತೆ ಆತ ಬರೆದಿಟ್ಟ. ಪಾಠಯೋಜನೆ ಬರೆಯಲು ಬೇಸರಪಡುವ ನಮ್ಮಂತಹವರಿಗೆ ಇದು ಅನ್ವಯಿಸುತ್ತದೆ. ಆದರೆ ಬರೆದಿಟ್ಟದ್ದನ್ನು ಹಾಗೆಯೇ ಒಪ್ಪಿಸುತ್ತಾ ಹೋದರೆ ಅದರಲ್ಲಿ ಜೀವ ಇರುತ್ತದೆಯೇ ಎಂಬ ಬೆನೆಕೆಯ ಸಂದೇಹವೂ ನಮ್ಮದೇ.

ಪಾಠದ ಕೊನೆಗೆ ಮಕ್ಕಳಲ್ಲಿ ಚರ್ಚೆಗೆ ಇಡಬಹುದಾದ ಪ್ರಶ್ನೆಗಳು:

1. ಟೀಗಾರ್ಡನ್ ಬಂದ ಮೇಲೆ ಮಿಲ್ಲರ್ ಏನನ್ನು ಕಳೆದುಕೊಂಡ, ಏನನ್ನು ಕಂಡುಕೊಂಡ?

2. ಮೊದಲ ತಂಡ ಸೋತು ಎರಡನೆಯದು ಗೆಲ್ಲಲು ಕಾರಣವೇನು?

3. ಹಿರಿಯರ ಕಲೆಯನ್ನು ಇದ್ದಂತೆಯೇ ಉಳಿಸಬೇಕೆ, ಬೆಳೆಸಬೇಕೆ? ನಿಮ್ಮ ಊರಿನ ಒಂದು ಕಲೆಯ ಉದಾಹರಣೆ ಕೊಟ್ಟು ಮಾತನಾಡಿ.

ಮೂರನೆಯ ಪ್ರಶ್ನೆಗೆ ಉತ್ತರ ಹೇಳಿಕೊಡಬೇಡಿ. ಗಂಟೆ ಹೊಡೆದ ಮೇಲೂ ಮಕ್ಕಳು ಅದನ್ನು ಮಾತನಾಡಿಕೊಳ್ಳುತ್ತಾ ಹೊರಗೆ ಹೋದರೆ ಪಾಠದ ಉದ್ದೇಶ ನೆರವೇರಿತೆಂದೇ ತಿಳಿಯಿರಿ.